ನೇಪರ್‌ವಿಲ್ ಪ್ರಕರಣ: ಅಂಕ ತಂದದ್ದು ಓಟವೋ, ಊರೋ?

1999ರಲ್ಲಿ ಟಿಮ್ಸ್ ಎಂಬ ಅಂತಾರಾಷ್ಟ್ರೀಯ ಪರೀಕ್ಷೆ ನಡೆಯಿತು. ಗಣಿತ ಮತ್ತು ವಿಜ್ಞಾನದಲ್ಲಿ ಬೇರೆ ಬೇರೆ ದೇಶಗಳ ಎಂಟನೇ ತರಗತಿ ಮಕ್ಕಳು ಎಲ್ಲಿದ್ದಾರೆ ಅಂತ ನೋಡುವ ಪರೀಕ್ಷೆ ಅದು. ಆ ವರ್ಷ 38 ದೇಶಗಳು ಅದರಲ್ಲಿದ್ದವು. ಅಮೆರಿಕ ವಿಜ್ಞಾನದಲ್ಲಿ 18ನೇ ಸ್ಥಾನ, ಗಣಿತದಲ್ಲಿ 19ನೇ ಸ್ಥಾನ ಪಡೆಯಿತು. ಆದರೆ ಅಮೆರಿಕದ ಕೆಲವು ರಾಜ್ಯಗಳು, ಶಾಲಾ ಜಿಲ್ಲೆಗಳು (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಘಟಕಗಳು) ತಮ್ಮ ಮಕ್ಕಳ ಫಲಿತಾಂಶವನ್ನು ಬೇರೆಯಾಗಿಯೇ ಲೆಕ್ಕ ಹಾಕಿಸಿಕೊಂಡಿದ್ದವು. ಅವುಗಳಲ್ಲಿ ಇಲಿನಾಯ್ ರಾಜ್ಯದ ನೇಪರ್‌ವಿಲ್ 203 ಶಾಲಾ ಜಿಲ್ಲೆಯೂ ಒಂದು. ಅದನ್ನೇ ಒಂದು ದೇಶ ಅಂತ ಇಟ್ಟುಕೊಂಡು ನೋಡಿದರೆ ವಿಜ್ಞಾನದಲ್ಲಿ ಸಿಂಗಪುರಕ್ಕಿಂತ ಮುಂದೆ, ಎಲ್ಲರಿಗಿಂತ ಮೊದಲು. ಗಣಿತದಲ್ಲಿ ಆರನೇ ಸ್ಥಾನ.

ಈ ಊರಿನ ಶಾಲೆಗಳಿಗೆ ಇನ್ನೊಂದು ಕಾರಣಕ್ಕೂ ಹೆಸರಿತ್ತು. ಅಲ್ಲಿ ಮಕ್ಕಳನ್ನು ಓಡಿಸುತ್ತಿದ್ದರು, ಎದೆಗೆ ಬೆಲ್ಟ್ ಕಟ್ಟಿ ಹೃದಯದ ಬಡಿತ ಅಳೆಯುತ್ತಿದ್ದರು. ಮನೋವೈದ್ಯ ಜಾನ್ ರೇಟಿ 2008ರಲ್ಲಿ ವ್ಯಾಯಾಮ ಮತ್ತು ಮೆದುಳಿನ ಬಗ್ಗೆ ಬರೆದ ಪುಸ್ತಕವನ್ನು ಈ ಶಾಲೆಗಳ ಕಥೆಯಿಂದಲೇ ಶುರು ಮಾಡಿದರು. ಆಮೇಲೆ ಎರಡೂ ಸುದ್ದಿ ಒಂದಕ್ಕೊಂದು ಅಂಟಿಕೊಂಡವು. ಶಿಕ್ಷಕರ ಕಾರ್ಯಾಗಾರಗಳಲ್ಲಿ, ಭಾಷಣಗಳಲ್ಲಿ ಅದು ಒಂದೇ ಸಾಲಾಯಿತು: ಮಕ್ಕಳನ್ನು ಓಡಿಸಿದರು, ಜಗತ್ತಿಗೇ ಮೊದಲಾದರು.

ನನಗೆ ಈ ಪ್ರಕರಣ ತುಂಬಾ ಇಷ್ಟ. ಆದರೆ ಆ ಒಂದು ಸಾಲಿಗಾಗಿ ಅಲ್ಲ. ಆ ಸಾಲು ಇಡೀ ಕಥೆಯ ಅತ್ಯಂತ ದುರ್ಬಲ ಭಾಗ. ನಿಜವಾಗಿ ಕಲಿಯಬೇಕಾದದ್ದು ಬೇರೆ ಎರಡು ಕಡೆ ಇದೆ. ಒಂದು, ಅವರು ಮಗುವನ್ನು ಯಾವುದರಿಂದ ಅಳೆದರು ಅನ್ನುವುದು. ಇನ್ನೊಂದು, ಓಟವನ್ನು ವೇಳಾಪಟ್ಟಿಯಲ್ಲಿ ಎಲ್ಲಿ ಇಟ್ಟರು ಅನ್ನುವುದು.

ಮೊದಲು ಹೇಗಿತ್ತು

ನೇಪರ್‌ವಿಲ್ ಇರುವುದು ಶಿಕಾಗೊ ನಗರದ ಪಶ್ಚಿಮಕ್ಕೆ. ಇಲಿನಾಯ್ ರಾಜ್ಯದಲ್ಲಿ ದೈಹಿಕ ಶಿಕ್ಷಣ ದಿನಾ ಇರಬೇಕು ಅನ್ನುವುದು ಕಾಯಿದೆಯಲ್ಲೇ ಇತ್ತು. 2017ರಲ್ಲಿ ಅದನ್ನು ವಾರಕ್ಕೆ ಕನಿಷ್ಠ ಮೂರು ದಿನಕ್ಕೆ ಇಳಿಸಿದರು. ಆದರೆ ನಾವು ಮಾತಾಡುತ್ತಿರುವ ಕಾಲದಲ್ಲಿ ದಿನಕ್ಕೊಂದು ಪಿ.ಟಿ. ಪೀರಿಯಡ್ ಇತ್ತು. ಇದನ್ನು ಮರೆತು ಈ ಕಥೆ ಹೇಳುವವರು ಜಾಸ್ತಿ. ನೇಪರ್‌ವಿಲ್ ಶಿಕ್ಷಕರು ಹೊಸದಾಗಿ ಸಮಯ ಹುಡುಕಬೇಕಾಗಿರಲಿಲ್ಲ. ಗಣಿತದ ಮೇಷ್ಟ್ರ ಜೊತೆ ಜಗಳ ಆಡಬೇಕಾಗಿರಲಿಲ್ಲ. ಸಮಯ ಕೈಯಲ್ಲೇ ಇತ್ತು. ಅದನ್ನು ಹೇಗೆ ಬಳಸುವುದು ಅನ್ನುವುದಷ್ಟೇ ಪ್ರಶ್ನೆಯಾಗಿತ್ತು.

ಬಳಕೆ ಎಲ್ಲ ಕಡೆ ಇದ್ದ ಹಾಗೇ ಇತ್ತು. ದೊಡ್ಡ ದೊಡ್ಡ ತಂಡ ಮಾಡಿ ಚೆಂಡಾಟ ಆಡಿಸುವುದು. ಚೆನ್ನಾಗಿ ಆಡುವ ನಾಲ್ಕೈದು ಮಕ್ಕಳ ಕಾಲಲ್ಲಿ ಚೆಂಡು ಓಡಾಡುತ್ತದೆ. ಉಳಿದವರು ಮೈದಾನದಲ್ಲಿ ನಿಂತಿರುತ್ತಾರೆ. ಸರದಿಗಾಗಿ ಕಾಯುತ್ತಾರೆ, ಚೆಂಡು ತಮ್ಮ ಕಡೆ ಬಾರದಿರಲಿ ಅಂತ ಬೇಡಿಕೊಳ್ಳುವವರೂ ಇರುತ್ತಾರೆ. ಹಾಜರಿ ಇರುತ್ತದೆ, ಸಮವಸ್ತ್ರ ಇರುತ್ತದೆ, ಚಲನೆ ಮಾತ್ರ ಇರುವುದಿಲ್ಲ.

ಫಿಲ್ ಲಾಲರ್ ಅಲ್ಲಿನ ಮ್ಯಾಡಿಸನ್ ಜೂನಿಯರ್ ಹೈಸ್ಕೂಲಿನ (ಆರರಿಂದ ಎಂಟನೇ ತರಗತಿಯವರೆಗಿನ ಶಾಲೆ) ಪಿ.ಟಿ. ಮೇಷ್ಟ್ರು. 1990ರ ಆಸುಪಾಸಿನಲ್ಲಿ ಅಮೆರಿಕದ ಮಕ್ಕಳ ಆರೋಗ್ಯ ಕೆಡುತ್ತಿದೆ ಅಂತ ಪತ್ರಿಕೆಯಲ್ಲಿ ಬಂದ ವರದಿ ಅವರ ಕಣ್ಣಿಗೆ ಬಿತ್ತು. ತಮ್ಮ ತರಗತಿಯನ್ನೇ ಆ ಕಣ್ಣಿನಿಂದ ನೋಡಿದರು. ದಿನಾ ಪಿ.ಟಿ. ಇದ್ದರೂ ಮಕ್ಕಳು ನಿಂತೇ ಇರುತ್ತಾರೆ ಅನ್ನುವುದು ಕಾಣಿಸಿತು. ವಾರಕ್ಕೊಮ್ಮೆ ಎಲ್ಲರೂ ಒಂದು ಮೈಲಿ, ಅಂದರೆ ಸುಮಾರು 1.6 ಕಿಲೋಮೀಟರ್ ಓಡಬೇಕು ಅಂತ ನಿಯಮ ಮಾಡಿದರು.

ಇಲ್ಲಿಯವರೆಗೆ ಹೊಸದೇನೂ ಇಲ್ಲ. ಬೇಗ ಓಡಿದವರಿಗೆ ಒಳ್ಳೆಯ ಗ್ರೇಡ್, ನಿಧಾನ ಆದವರಿಗೆ ಕಡಿಮೆ. ಓಡಲು ಬರುವ ಮಕ್ಕಳಿಗೆ ಖುಷಿ. ಬಾರದವರಿಗೆ ವಾರಕ್ಕೊಮ್ಮೆ ಎಲ್ಲರೆದುರು ಅವಮಾನ. ಸಹಜವಾಗಿಯೇ ದೂರುಗಳು ಬಂದವು.

ಒಬ್ಬ ಹುಡುಗಿಯ ನಾಡಿ

ತಿರುವು ಬಂದದ್ದು ಒಂದು ಯಂತ್ರದಿಂದ. ಹೃದಯ ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತಿದೆ ಅಂತ ತೋರಿಸುವ ಎದೆಪಟ್ಟಿ. ಲಾಲರ್ ಅದನ್ನು ಪರೀಕ್ಷೆಗೆಂದು ಆರನೇ ತರಗತಿಯ ಒಬ್ಬ ಹುಡುಗಿಗೆ ಕಟ್ಟಿದರು. ಸಣಕಲು ಹುಡುಗಿ, ಆದರೆ ಓಟಗಾರ್ತಿ ಅಲ್ಲ. ಮೈಲಿ ಓಡಿದಳು. ಹೊರಗಿನಿಂದ ನೋಡಿದವರಿಗೆ ಇವಳು ಮನಸ್ಸಿಟ್ಟು ಓಡುತ್ತಿಲ್ಲ ಅನ್ನಿಸುವಂಥ ಓಟ. ಯಂತ್ರದಲ್ಲಿ ದಾಖಲಾದದ್ದನ್ನು ತೆಗೆದು ನೋಡಿದರೆ ಸರಾಸರಿ ಬಡಿತ 187. ಗೆರೆ ದಾಟುವಾಗ 207.

ಈ ಸಂಖ್ಯೆಗಳ ಅರ್ಥ ಸ್ವಲ್ಪ ಬಿಡಿಸಬೇಕು. ಒಬ್ಬರ ಹೃದಯ ಅತಿ ಹೆಚ್ಚೆಂದರೆ ಎಷ್ಟು ವೇಗವಾಗಿ ಬಡಿಯಬಹುದು ಅನ್ನುವುದಕ್ಕೆ ಒಂದು ಒರಟು ಲೆಕ್ಕ ಇದೆ: 220ರಲ್ಲಿ ವಯಸ್ಸನ್ನು ಕಳೆಯುವುದು. 11 ವರ್ಷದ ಮಗುವಿಗೆ ಅದು 209. ಅಂದರೆ ಆ ಹುಡುಗಿ ತನ್ನ ದೇಹದ ಮಿತಿಗೆ ಬಹುತೇಕ ತಾಗಿಯೇ ಓಡಿದ್ದಳು. ತರಗತಿಯಲ್ಲಿ ಯಾರೂ ಅವಳಿಗಿಂತ ಜಾಸ್ತಿ ಶ್ರಮ ಹಾಕಿರಲು ಸಾಧ್ಯವೇ ಇರಲಿಲ್ಲ. ಮಾಮೂಲಾಗಿದ್ದರೆ ಮೇಷ್ಟ್ರು ಅವಳನ್ನು ಗದರಿಸಿ, ಸರಿಯಾಗಿ ಓಡು ಅಂತ ಹೇಳುತ್ತಿದ್ದರು. ಲಾಲರ್ ಅದನ್ನು ತಾವೇ ಹೇಳಿಕೊಂಡಿದ್ದಾರೆ. ಶ್ರಮಪಟ್ಟ ಮಕ್ಕಳಿಗೆ ಅದರ ಬೆಲೆ ಕೊಡಲಾಗದೆ ಇಷ್ಟು ವರ್ಷದಲ್ಲಿ ಎಷ್ಟು ಜನರನ್ನು ವ್ಯಾಯಾಮದಿಂದಲೇ ದೂರ ಮಾಡಿದೆವೋ ಅನ್ನುವ ಯೋಚನೆ ಅವರಿಗೆ ಆಗ ಬಂತು.

ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುಳು ಇದೇ. ಗಡಿಯಾರ ಹಿಡಿದು ವೇಗ ಅಳೆದರೆ ಸಿಗುವುದು ಮಗುವಿನ ಕಾಲಿನ ಉದ್ದ, ಮೈತೂಕ, ಮೊದಲಿನ ಅಭ್ಯಾಸ ಎಲ್ಲ ಸೇರಿದ ಒಂದು ಸಂಖ್ಯೆ. ನಾಡಿ ಅಳೆದರೆ ಸಿಗುವುದು ಈ ಹೊತ್ತಿನ ಶ್ರಮ. ಮೆದುಳಿಗೆ ಸಂಬಂಧಪಟ್ಟದ್ದು ಎರಡನೆಯದು. ಹೃದಯ ಎಷ್ಟು ದುಡಿಯಿತು ಅನ್ನುವುದರ ಮೇಲೆ ಮೆದುಳಿಗೆ ಹೋಗುವ ರಕ್ತ, ಅಲ್ಲಿ ಬಿಡುಗಡೆಯಾಗುವ ರಾಸಾಯನಿಕಗಳು ನಿಂತಿವೆ. ಪಕ್ಕದವನಿಗಿಂತ ಮುಂದೆ ಓಡಿದರೋ ಹಿಂದೆ ಓಡಿದರೋ ಮೆದುಳಿಗೆ ಗೊತ್ತಾಗುವುದಿಲ್ಲ.

ಬದಲಾದ ತರಗತಿ

ಗ್ರೇಡ್ ಕೊಡುವ ರೀತಿ ಬದಲಾಯಿತು. ನಿನಗೆ ಗೊತ್ತುಮಾಡಿದ ನಾಡಿಯ ಮಟ್ಟದಲ್ಲಿ ಎಷ್ಟು ಹೊತ್ತು ಇದ್ದೆ ಅನ್ನುವುದಕ್ಕೆ ಅಂಕ. ನಡೆದು ಆ ಮಟ್ಟ ತಲುಪುವ ಮಗು ನಡೆಯಲಿ, ಓಡಬೇಕಾದವನು ಓಡಲಿ. ಆಟದ ತಂಡಗಳು ಚಿಕ್ಕದಾದವು, ಯಾಕೆಂದರೆ ಮೂರು ಜನರ ತಂಡದಲ್ಲಿ ನಿಂತು ಕಾಯಲು ಜಾಗವೇ ಇಲ್ಲ. ಹತ್ತುವ ಗೋಡೆ, ಸೈಕಲ್ ಯಂತ್ರ, ಕುಣಿತದ ವಿಡಿಯೋ ಆಟ ಹೀಗೆ ಆಯ್ಕೆಗಳು ಬಂದವು. ನೇಪರ್‌ವಿಲ್ ಸೆಂಟ್ರಲ್ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಮುಖ್ಯಸ್ಥರಾಗಿದ್ದ ಪಾಲ್ ಝಿಯೆಂಟಾರ್ಸ್ಕಿ ಮೊದಲು ಫುಟ್‌ಬಾಲ್ ಕೋಚ್ ಆಗಿದ್ದವರು. ಅಂಥವರೇ ಈ ಕಡೆ ವಾಲಿದ ಮೇಲೆ ಹೈಸ್ಕೂಲಿನಲ್ಲೂ ಇದು ಬೇರೂರಿತು.

ಇಲ್ಲಿ ಒಂದು ಸಣ್ಣ ವಿಷಯ ಹೇಳಲೇಬೇಕು. ಹೈಸ್ಕೂಲಿನ ಹೊಸ ಮಕ್ಕಳಿಗೆ ಜೋಡಿ ಜೋಡಿಯಾಗಿ ಕುಣಿಯುವ ಸ್ಕ್ವೇರ್ ಡಾನ್ಸ್ ಕಡ್ಡಾಯ ಇತ್ತು. ಜೋಡಿ ಬದಲಾಗುತ್ತಾ ಹೋಗುತ್ತದೆ. ಮೊದಮೊದಲು ಜೊತೆಗಾರರ ಹತ್ತಿರ ಏನು ಮಾತಾಡಬೇಕು ಅನ್ನುವುದನ್ನೂ ಬರೆದು ಕೊಡುತ್ತಿದ್ದರು. ಮಾತಾಡಲು ಹಿಂಜರಿಯುವ ಮಗುವಿಗೆ ಅದೊಂದು ನೆಪ. ಕಾಲು ಲಯಕ್ಕೆ, ಕಿವಿ ಸೂಚನೆಗೆ, ಕಣ್ಣು ಎದುರಿನವರ ಕಡೆಗೆ. ಇಷ್ಟನ್ನೂ ಒಟ್ಟಿಗೆ ನಡೆಸುವುದು ಮೆದುಳಿಗೆ ಸುಮ್ಮನೆ ಟ್ರ್ಯಾಕ್ ಸುತ್ತುವುದಕ್ಕಿಂತ ಕಷ್ಟದ ಕೆಲಸ. ನೇಪರ್‌ವಿಲ್ ಅಂದ ಕೂಡಲೇ ಎಲ್ಲರೂ ಎದೆಪಟ್ಟಿಯನ್ನೇ ನೆನಪಿಸಿಕೊಳ್ಳುತ್ತಾರೆ. ಈ ಕುಣಿತಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ದೇಹದ ಮಟ್ಟಿಗೆ ಫಲ ಸ್ಪಷ್ಟವಾಗಿತ್ತು. 2001–02ರ ಸುಮಾರಿಗೆ ಅಲ್ಲಿ ಒಂಬತ್ತನೇ ತರಗತಿಗೆ ಬಂದ ಮಕ್ಕಳಲ್ಲಿ ಅತಿತೂಕದವರು ಶೇ. 3ರಷ್ಟು. ಆಗ ದೇಶದ ಸರಾಸರಿ ಶೇ. 30 ಅಂತ ರೇಟಿ ಬರೆಯುತ್ತಾರೆ.

ಝೀರೋ ಅವರ್

ಈಗ ಕಲಿಕೆಗೆ ಬರೋಣ. 2000ದ ದಶಕದ ನಡುಭಾಗದಲ್ಲಿ ನೇಪರ್‌ವಿಲ್ ಸೆಂಟ್ರಲ್ ಒಂದು ಪ್ರಯೋಗ ಮಾಡಿತು. ಒಂಬತ್ತನೇ ತರಗತಿಯ ಕೆಲವು ಮಕ್ಕಳಿಗೆ ಓದುವುದು, ಓದಿದ್ದನ್ನು ಗ್ರಹಿಸುವುದು ಕಷ್ಟವಾಗಿತ್ತು. ಅವರಿಗೆ ಓದಿನ ಒಂದು ವಿಶೇಷ ತರಗತಿ ಇತ್ತು. ಅವರಲ್ಲಿ ಒಪ್ಪಿದವರು ಬೆಳಿಗ್ಗೆ 7 ಗಂಟೆ ದಾಟುತ್ತಿದ್ದಂತೆ, ಮೊದಲ ಪೀರಿಯಡ್‌ಗೂ ಮುಂಚೆಯೇ ಬಂದು ಜೋರಾಗಿ ವ್ಯಾಯಾಮ ಮಾಡಬೇಕು. ನಾಡಿ ಗರಿಷ್ಠ ಮಿತಿಯ ಶೇ. 80ರಿಂದ 90ರ ನಡುವೆ ಇರಬೇಕು. ಅದು ಮುಗಿದ ಮೇಲೆ ಓದಿನ ತರಗತಿ. ಮೊದಲ ಪೀರಿಯಡ್‌ಗಿಂತ ಮುಂಚಿನದು ಅಂತ ಅದಕ್ಕೆ ಝೀರೋ ಅವರ್ ಅಂತ ಹೆಸರು.

ಸೆಮಿಸ್ಟರ್ ಮುಗಿದಾಗ ಈ ಮಕ್ಕಳ ಓದು ಮತ್ತು ಗ್ರಹಿಕೆ ಶೇ. 17ರಷ್ಟು ಸುಧಾರಿಸಿತ್ತು. ಬೆಳಿಗ್ಗೆ ನಿದ್ದೆ ಬಿಡಲು ಒಪ್ಪದೆ ಮಾಮೂಲಿ ಪಿ.ಟಿ.ಯಲ್ಲೇ ಉಳಿದವರದ್ದು ಶೇ. 10.7ರಷ್ಟು.

ಈ ಎರಡು ಸಂಖ್ಯೆಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮೊದಲನೆಯದಾಗಿ, ಇದು ವ್ಯಾಯಾಮ ಮಾಡಿದವರು ಮತ್ತು ಮಾಡದವರ ಹೋಲಿಕೆ ಅಲ್ಲವೇ ಅಲ್ಲ. ಎರಡೂ ಗುಂಪಿಗೆ ಪಿ.ಟಿ. ಇತ್ತು, ಕಾಯಿದೆಯ ಪ್ರಕಾರ ದಿನಾ ಇತ್ತು. ವ್ಯತ್ಯಾಸ ಇದ್ದದ್ದು ಎಷ್ಟು ಜೋರಾಗಿ ಮತ್ತು ಯಾವಾಗ ಅನ್ನುವುದರಲ್ಲಿ. ಶಾಲೆ ಇನ್ನೊಂದನ್ನೂ ಗಮನಿಸಿತು. ಝೀರೋ ಅವರ್ ಮುಗಿಸಿದ ಮಕ್ಕಳಲ್ಲೇ, ಓದಿನ ತರಗತಿ ಬೆಳಿಗ್ಗೆ ಬೇಗ ಇದ್ದವರು, ದಿನದ ಕೊನೆಗೆ ಇದ್ದವರಿಗಿಂತ ಚೆನ್ನಾಗಿ ಮಾಡಿದರು. ವ್ಯಾಯಾಮದ ಗುಂಗು ಇಳಿಯುವ ಮುಂಚೆ ಪಾಠ ಸಿಕ್ಕವರಿಗೆ ಜಾಸ್ತಿ ಲಾಭ ಅಂತ ಶಾಲೆ ಅರ್ಥಮಾಡಿಕೊಂಡಿತು.

ಎರಡನೆಯದು, ಯಾರು ಬಂದರು? ತಾವಾಗಿ ಒಪ್ಪಿದವರು. ಏಳು ಗಂಟೆಗೆ ಶಾಲೆಗೆ ಬಂದು ಬೆವರು ಸುರಿಸಲು ಒಪ್ಪುವ ಮಗು, ಅದನ್ನು ಎಬ್ಬಿಸಿ ಕಳಿಸುವ ಮನೆ, ಇವೆರಡೂ ಓದಿಗೂ ಒತ್ತಾಸೆಯಾಗುವಂಥವೇ. ಶೇ. 17 ಮತ್ತು ಶೇ. 10.7ರ ನಡುವಿನ ಅಂತರದಲ್ಲಿ ಓಟದ ಪಾಲೆಷ್ಟು, ಆ ಮಗುವಿನ ಛಲದ ಪಾಲೆಷ್ಟು ಅಂತ ಬಿಡಿಸಲು ದಾರಿ ಇಲ್ಲ. ಒಪ್ಪಿದವರಲ್ಲೇ ಚೀಟಿ ಎತ್ತಿ ಅರ್ಧ ಮಕ್ಕಳಿಗೆ ಈ ಸೆಮಿಸ್ಟರ್, ಉಳಿದ ಅರ್ಧಕ್ಕೆ ಮುಂದಿನ ಸೆಮಿಸ್ಟರ್ ಅಂತ ಮಾಡಿದ್ದರೆ ಉತ್ತರ ಸಿಗುತ್ತಿತ್ತು. ಶಾಲೆಗಳು ಪ್ರಯೋಗಶಾಲೆ ಅಲ್ಲ, ಹಾಗೆ ಮಾಡಲಿಲ್ಲ ಅಂತ ಬೈಯುವುದು ಸರಿಯಲ್ಲ. ಆದರೆ ಓದುವ ನಾವು ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು ಅಲ್ವಾ?

ಮೆದುಳಿನೊಳಗೆ ಏನಾಗಿರಬಹುದು

ಓಡಿದ ಮೇಲೆ ಓದು ಸುಲಭ ಆಗುತ್ತದೆ ಅನ್ನುವುದಕ್ಕೆ ನೇಪರ್‌ವಿಲ್‌ನ ಹೊರಗೂ ಪುರಾವೆ ಇದೆ. ಚಾರ್ಲ್ಸ್ ಹಿಲ್‌ಮನ್ ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದಾಗ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸುಮಾರು ಒಂಬತ್ತೂವರೆ ವರ್ಷದ 20 ಮಕ್ಕಳು. ಒಂದು ದಿನ 20 ನಿಮಿಷ ಟ್ರೆಡ್‌ಮಿಲ್ ಮೇಲೆ ನಡೆದರು, ಇನ್ನೊಂದು ದಿನ ಸುಮ್ಮನೆ ಕೂತರು. ನಡೆದ ದಿನ ಅಡ್ಡಿಗಳ ನಡುವೆ ಗಮನ ಹಿಡಿದಿಡುವ ಪರೀಕ್ಷೆಯಲ್ಲಿ ತಪ್ಪು ಕಡಿಮೆಯಾಯಿತು, ಓದಿ ಗ್ರಹಿಸುವ ಪರೀಕ್ಷೆಯಲ್ಲೂ ಅಂಕ ಮೇಲಿತ್ತು. ಓಟವೂ ಅಲ್ಲ, ನಡಿಗೆ. ಮಗು ತನಗೆ ತಾನೇ ಹೋಲಿಕೆ ಆದ್ದರಿಂದ ಮನೆ, ಛಲ, ಹಣ ಇವೆಲ್ಲ ಎರಡೂ ದಿನ ಒಂದೇ. ಗುಂಪು ಚಿಕ್ಕದು, ಆದರೆ ಹೋಲಿಕೆ ಶುದ್ಧ.

2007ರಲ್ಲಿ ಜರ್ಮನಿಯ ಸಂಶೋಧಕರು 27 ಯುವಕರನ್ನು ಹೀಗೇ ನೋಡಿದರು. ಬಿರುಸಾಗಿ ಓಡಿದ ಮೇಲೆ ಅವರು ಹೊಸ ಪದಗಳನ್ನು ಶೇ. 20ರಷ್ಟು ಬೇಗ ಕಲಿತರು. ಆಗ ಅವರ ರಕ್ತದಲ್ಲಿ ಡೋಪಮೈನ್‌ನಂಥ ರಾಸಾಯನಿಕಗಳ ಜೊತೆ ಬಿಡಿಎನ್‌ಎಫ್ ಎಂಬ ಪ್ರೋಟೀನ್ ಕೂಡ ಏರಿತ್ತು. ನರಕೋಶಗಳು ಉಳಿಯಲು, ಕವಲೊಡೆಯಲು, ಒಂದಕ್ಕೊಂದು ಬೆಸೆದುಕೊಳ್ಳಲು ಬೇಕಾದ ಪ್ರೋಟೀನ್ ಅದು. ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್‌ನಲ್ಲಿ ಅದರ ಕೆಲಸ ಜಾಸ್ತಿ.

ಇಲ್ಲಿ ಎರಡು ಬೇರೆ ಬೇರೆ ಲಾಭಗಳನ್ನು ಬೆರೆಸಬಾರದು. ಒಂದು ತಕ್ಷಣದ್ದು: ಓಡಿ ಬಂದ ಮೇಲಿನ ಒಂದಷ್ಟು ಹೊತ್ತು ಮೆದುಳು ಎಚ್ಚರವಾಗಿರುತ್ತದೆ, ಗಮನ ಕೂರುತ್ತದೆ, ಆಮೇಲೆ ಇಳಿಯುತ್ತದೆ. ಝೀರೋ ಅವರ್ ಹಿಡಿದದ್ದು ಇದನ್ನೇ. ಇನ್ನೊಂದು ನಿಧಾನದ್ದು: ತಿಂಗಳುಗಟ್ಟಲೆ ಅಭ್ಯಾಸದಿಂದ ಮೆದುಳಿನ ರಚನೆಯಲ್ಲೇ ಆಗುವ ಬದಲಾವಣೆ. 1999ರಲ್ಲಿ ಸಾಲ್ಕ್ ಸಂಸ್ಥೆಯ ಫ್ರೆಡ್ ಗೇಜ್ ಅವರ ತಂಡ, ಚಕ್ರದಲ್ಲಿ ಓಡುವ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳು ಓಡದ ಇಲಿಗಳಿಗಿಂತ ಸುಮಾರು ಎರಡರಷ್ಟು ಉಳಿದುಕೊಂಡದ್ದನ್ನು ತೋರಿಸಿತು. 2011ರಲ್ಲಿ ಕರ್ಕ್ ಎರಿಕ್‌ಸನ್ ಮತ್ತು ಸಂಗಡಿಗರು 120 ವಯಸ್ಸಾದವರನ್ನು ಎರಡು ಗುಂಪು ಮಾಡಿದರು. ಒಂದು ವರ್ಷ ವಾರಕ್ಕೆ ಮೂರು ದಿನ ಬಿರುಸಾಗಿ ನಡೆದವರ ಹಿಪೊಕ್ಯಾಂಪಸ್ ಸುಮಾರು ಶೇ. 2ರಷ್ಟು ದೊಡ್ಡದಾಗಿತ್ತು. ಬರೀ ಮೈ ಚಾಚುವ ವ್ಯಾಯಾಮ ಮಾಡಿದವರದ್ದು ವಯಸ್ಸಿಗೆ ತಕ್ಕಂತೆ ಸ್ವಲ್ಪ ಕುಗ್ಗಿತ್ತು.

ಇಲಿಗಳು, ಮುದುಕರು. 14 ವರ್ಷದ ಹುಡುಗ ಇವೆರಡೂ ಅಲ್ಲ. ಮಕ್ಕಳ ಮೇಲೆ ನಡೆದ ಒಳ್ಳೆಯ ಪ್ರಯೋಗ ಅಂದರೆ 2014ರಲ್ಲಿ ಹಿಲ್‌ಮನ್ ತಂಡ ಪ್ರಕಟಿಸಿದ್ದು. 7ರಿಂದ 9 ವರ್ಷದ 221 ಮಕ್ಕಳು. ಯಾರಿಗೆ ಈಗ ಅವಕಾಶ, ಯಾರು ಕಾಯಬೇಕು ಅನ್ನುವುದನ್ನು ಅದೃಷ್ಟಕ್ಕೆ ಬಿಟ್ಟರು. ಒಂಬತ್ತು ತಿಂಗಳು ಶಾಲೆ ಮುಗಿದ ಮೇಲೆ ಆಟ. ಆಡಿದ ಮಕ್ಕಳಲ್ಲಿ ಮನಸ್ಸಿನ ಸೆಳೆತ ತಡೆದುಕೊಳ್ಳುವ, ಒಂದು ನಿಯಮದಿಂದ ಇನ್ನೊಂದಕ್ಕೆ ಹೊರಳುವ ಶಕ್ತಿ ಕಾದವರಿಗಿಂತ ಹೆಚ್ಚು ಸುಧಾರಿಸಿತು. ಎಷ್ಟು ದಿನ ಬಂದರೋ ಅಷ್ಟು ಲಾಭ. ಇದು ಗಟ್ಟಿ ಫಲಿತಾಂಶ. ಆದರೆ ಅಳೆದದ್ದು ಗಮನದ ಹಿಡಿತವನ್ನು, ವಿಜ್ಞಾನದ ಅಂಕವನ್ನಲ್ಲ. ಅವೆರಡರ ನಡುವೆ ಒಳ್ಳೆಯ ಪಾಠ, ಒಳ್ಳೆಯ ಮೇಷ್ಟ್ರು, ಓದುವ ಸಮಯ ಎಲ್ಲ ಇರಬೇಕು. ವ್ಯಾಯಾಮ ಹೊಲ ಹದ ಮಾಡುತ್ತದೆ, ಬಿತ್ತುವುದು ಬೇರೆ ಕೆಲಸ.

ಇನ್ನೊಂದು ಗೊಂದಲವನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಎಳೆಯ ಮಕ್ಕಳ ಮೆದುಳಿನ ಬೆಳವಣಿಗೆಗೆ ಚಲನೆ ಬೇಕು ಅನ್ನುವುದು ಬೇರೆಯೇ ಕಥೆ. 1963ರಲ್ಲಿ ರಿಚರ್ಡ್ ಹೆಲ್ಡ್ ಮತ್ತು ಅಲನ್ ಹೈನ್ ಕತ್ತಲಲ್ಲಿ ಬೆಳೆಸಿದ ಬೆಕ್ಕಿನ ಮರಿಗಳನ್ನು ಜೋಡಿ ಜೋಡಿಯಾಗಿ ಒಂದು ತಿರುಗಣೆಗೆ ಕಟ್ಟಿದರು. ಒಂದು ಮರಿ ತಾನೇ ನಡೆಯುತ್ತದೆ. ಇನ್ನೊಂದು ಬುಟ್ಟಿಯಲ್ಲಿ ಕೂತು ಅದರ ಜೊತೆ ಸುತ್ತುತ್ತದೆ. ಎರಡೂ ಕಂಡದ್ದು ಅದೇ ಪಟ್ಟೆಪಟ್ಟೆ ಗೋಡೆ. ನಡೆದ ಮರಿಗೆ ಆಳ, ದೂರ ತಿಳಿಯಿತು. ಕೂತು ಸುತ್ತಿದ ಮರಿಗೆ ತಿಳಿಯಲಿಲ್ಲ, ಬಿಟ್ಟು ಓಡಾಡಿಸಿದ ಮೇಲೆ ಸರಿಯಾಯಿತು. ಅಲ್ಲಿ ಚಲನೆಯೇ ಪಾಠ: ನಾನು ಕಾಲಿಟ್ಟರೆ ಕಣ್ಣಿಗೆ ಕಾಣುವುದು ಹೇಗೆ ಬದಲಾಗುತ್ತದೆ ಅನ್ನುವುದನ್ನು ಮೆದುಳು ಕಲಿಯುತ್ತಿದೆ. ಅಂಬೆಗಾಲಿಡುವ ಕೂಸು ಮಾಡುವುದೂ ಅದನ್ನೇ. ನೇಪರ್‌ವಿಲ್ ಮಕ್ಕಳ ಓಟ ಹಾಗಲ್ಲ, ಅದು ಪಾಠಕ್ಕೆ ಮುಂಚಿನ ತಯಾರಿ. ಈ ಎರಡನ್ನೂ ಕಲಸಿ, ಬಲಗೈ ಎಡಮಂಡಿಗೆ ಮುಟ್ಟಿಸಿದರೆ ಮೆದುಳಿನ ಎರಡೂ ಭಾಗ ಬೆಸೆದುಕೊಂಡು ಓದು ಸುಲಭವಾಗುತ್ತದೆ ಅಂತ ಮಾರುವ ಬ್ರೇನ್ ಜಿಮ್‌ನಂಥ ಕಾರ್ಯಕ್ರಮಗಳಿವೆ. ಅವುಗಳ ಹಕ್ಕುದಾವೆಗಳಿಗೆ ಸಂಶೋಧನೆಯ ಬೆಂಬಲ ಸಿಕ್ಕಿಲ್ಲ.

ಹಾಗಾದರೆ ಆ ಮೊದಲ ಸ್ಥಾನ?

ಈಗ ದಿನಾಂಕಗಳನ್ನು ಪಕ್ಕಪಕ್ಕ ಇಡಿ. ಟಿಮ್ಸ್ ಪರೀಕ್ಷೆ 1999ರದ್ದು. ಝೀರೋ ಅವರ್ ಅದಾದ ಎಷ್ಟೋ ವರ್ಷದ ಮೇಲಿನದು. ಪರೀಕ್ಷೆ ಬರೆದವರು ಎಂಟನೇ ತರಗತಿಯವರು, ಝೀರೋ ಅವರ್ ಇದ್ದದ್ದು ಒಂಬತ್ತನೇ ತರಗತಿಯಿಂದ ಶುರುವಾಗುವ ಹೈಸ್ಕೂಲಿನಲ್ಲಿ. ಆದರೂ ಎಷ್ಟೋ ಕಡೆ ಬೆಳಿಗ್ಗೆ ಓಡಿದ್ದರಿಂದ ಜಗತ್ತಿಗೆ ಮೊದಲಾದರು ಅಂತಲೇ ಹೇಳುತ್ತಾರೆ. ಲಾಲರ್ ಅವರ ಜೂನಿಯರ್ ಹೈಸ್ಕೂಲ್ ಪಿ.ಟಿ.ಗೆ ಇದರಲ್ಲಿ ಪಾಲಿರಬಹುದು. ಝೀರೋ ಅವರ್‌ಗೆ ಇರಲು ಸಾಧ್ಯವೇ ಇಲ್ಲ.

ಊರನ್ನೂ ನೋಡಬೇಕು. ನೇಪರ್‌ವಿಲ್ ಉಳ್ಳವರ ಊರು. ಹತ್ತಿರದಲ್ಲೇ ಫರ್ಮಿಲ್ಯಾಬ್, ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯ, ಆಗ ಬೆಲ್ ಲ್ಯಾಬ್ಸ್‌ನ ಕೇಂದ್ರವೂ ಇತ್ತು. ಅಂದರೆ ವಿಜ್ಞಾನಿಗಳು, ಎಂಜಿನಿಯರ್‌ಗಳು ಮನೆಮಾಡಿರುವ ಜಾಗ. ಅಂಥ ಮನೆಗಳ ಮಕ್ಕಳು ವಿಜ್ಞಾನದಲ್ಲಿ ಮುಂದಿರುವುದಕ್ಕೆ ಓಟದ ವಿವರಣೆ ಹುಡುಕುವ ಮುಂಚೆ ಊಟದ ಮೇಜಿನ ಮಾತುಕತೆಯ ವಿವರಣೆಯನ್ನು ತೆಗೆದುಹಾಕಬೇಕಲ್ಲ? ಅದೇ ವರ್ಷ ಅದೇ ಪರೀಕ್ಷೆಯಲ್ಲಿ ಶಿಕಾಗೊದ ಉತ್ತರದ ಕೆಲವು ಅನುಕೂಲಸ್ಥ ಉಪನಗರಗಳು ಒಂದು ಗುಂಪಾಗಿ ಸೇರಿದ್ದವು. ಅವೂ ತುಂಬಾ ಮೇಲೆ ಬಂದವು. ಶಿಕಾಗೊ ನಗರದ ಸರ್ಕಾರಿ ಶಾಲೆಗಳೂ ಬೇರೆಯಾಗಿ ಭಾಗವಹಿಸಿದ್ದವು. ಗಣಿತದಲ್ಲಿ ಅವು ಅಂತಾರಾಷ್ಟ್ರೀಯ ಸರಾಸರಿಗಿಂತ ಕೆಳಗೆ ಉಳಿದವು. ಒಂದೇ ರಾಜ್ಯ, ದಿನದ ಪಿ.ಟಿ.ಯ ಒಂದೇ ಕಾಯಿದೆ. ಮನೆಗಳ ಆದಾಯ ಮಾತ್ರ ಬೇರೆ.

ರೇಟಿ ಈ ಆಕ್ಷೇಪವನ್ನು ಬಲ್ಲವರೇ. ನೇಪರ್‌ವಿಲ್ ಒಬ್ಬ ವಿದ್ಯಾರ್ಥಿಗೆ ಖರ್ಚು ಮಾಡುವ ಹಣ ಆ ಭಾಗದ ಇತರ ಹೆಸರಾಂತ ಶಾಲೆಗಳಿಗಿಂತ ಕಡಿಮೆ ಅಂತ ಅವರು ತೋರಿಸುತ್ತಾರೆ. ನಿಜವೇ ಇರಬಹುದು. ಆದರೆ ಶಾಲೆ ಖರ್ಚು ಮಾಡಿದ ಹಣ ಬೇರೆ, ಮನೆಯಲ್ಲಿ ಸಿಗುವ ಓದಿನ ವಾತಾವರಣ ಬೇರೆ.

ಬಡ ಊರಲ್ಲಿ ಹೀಗೆ ಮಾಡಿದರೆ ಏನಾಗುತ್ತದೆ ಅನ್ನುವುದೇ ಒಳ್ಳೆಯ ಪರೀಕ್ಷೆ. ಅದಕ್ಕೂ ಒಂದು ಉದಾಹರಣೆ ಇದೆ. ಪೆನ್ಸಿಲ್ವೇನಿಯಾದ ಟೈಟಸ್‌ವಿಲ್, 1859ರಲ್ಲಿ ಅಮೆರಿಕದ ಹೆಸರುವಾಸಿ ಮೊದಲ ತೈಲಬಾವಿ ತೋಡಿದ ಊರು. ಆ ಸಂಪತ್ತು ಹೋಗಿ ಎಷ್ಟೋ ಕಾಲವಾಗಿದೆ. ಅಲ್ಲಿನ ಶಾಲೆಗಳು 2000ದಲ್ಲಿ ನೇಪರ್‌ವಿಲ್ ಮಾದರಿಯನ್ನು ತಂದವು. ದಿನದ ಪಿ.ಟಿ.ಗಾಗಿ ಬೇರೆ ಪಾಠಗಳಿಂದ ಒಂದಿಷ್ಟು ನಿಮಿಷ ಕತ್ತರಿಸಿದರು, ಶಾಲೆಯ ಹೊತ್ತನ್ನೂ ಸ್ವಲ್ಪ ಹಿಗ್ಗಿಸಿದರು. ರಾಜ್ಯದ ಸರಾಸರಿಗಿಂತ ಕೆಳಗಿದ್ದ ಅಂಕಗಳು ಕೆಲವೇ ವರ್ಷಗಳಲ್ಲಿ ಓದು, ಗಣಿತ ಎರಡರಲ್ಲೂ ಸರಾಸರಿಯನ್ನು ಚೆನ್ನಾಗಿಯೇ ದಾಟಿದವು. ಮಕ್ಕಳ ಹೊಡೆದಾಟ ನಿಂತಿತು ಅಂತಲೂ ಶಾಲೆಯವರು ಹೇಳಿದ್ದಾರೆ. ಇದರಲ್ಲೂ ಹೋಲಿಕೆಗೆ ಇನ್ನೊಂದು ಗುಂಪಿಲ್ಲ, ಹೇಳಿದವರೂ ಮಾಡಿದವರೇ. ಆದರೂ ಊರಿನ ಹಣದ ವಿವರಣೆ ಇಲ್ಲಿ ನಡೆಯುವುದಿಲ್ಲ.

ಹೋಲಿಕೆ ಇಟ್ಟುಕೊಂಡು ಮಾಡಿದ ದೊಡ್ಡ ಪ್ರಯೋಗಗಳಲ್ಲಿ ಎರಡನ್ನು ಹೇಳುತ್ತೇನೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಟ್ರ್ವಾ ರಿವಿಯೇರ್ ಭಾಗದಲ್ಲಿ 1970ರ ದಶಕದಲ್ಲಿ 546 ಪ್ರಾಥಮಿಕ ಶಾಲಾ ಮಕ್ಕಳನ್ನು ವರ್ಷಗಟ್ಟಲೆ ನೋಡಿದರು. ಒಂದು ಗುಂಪಿಗೆ ದಿನಕ್ಕೆ ಒಂದು ಗಂಟೆ ಹೆಚ್ಚುವರಿ ಪಿ.ಟಿ. ಅದಕ್ಕಾಗಿ ಪಾಠದ ಸಮಯವನ್ನು ಶೇ. 13–14ರಷ್ಟು ಕಡಿಮೆ ಮಾಡಿದರು. ಆದರೂ ಆ ಮಕ್ಕಳು ಹಿಂದೆ ಬೀಳಲಿಲ್ಲ, ಎರಡನೇ ತರಗತಿಯಿಂದ ಮುಂದೆ ಅವರ ಅಂಕ ಇನ್ನೊಂದು ಗುಂಪಿಗಿಂತ ಸ್ವಲ್ಪ ಮೇಲೇ ಇತ್ತು. ನಾರ್ವೆಯಲ್ಲಿ 2014–15ರಲ್ಲಿ 57 ಶಾಲೆಗಳ ಸಾವಿರಕ್ಕೂ ಹೆಚ್ಚು ಹತ್ತು ವರ್ಷದ ಮಕ್ಕಳ ಮೇಲೆ ಏಳು ತಿಂಗಳ ಪ್ರಯೋಗ ನಡೆಯಿತು. ಒಟ್ಟಾರೆ ಅಂಕಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಶುರುವಿನಲ್ಲಿ ಲೆಕ್ಕದಲ್ಲಿ ತೀರಾ ಹಿಂದಿದ್ದ ಮೂರನೇ ಒಂದು ಭಾಗದ ಮಕ್ಕಳು ಸುಧಾರಿಸಿದರು.

ನಾರ್ವೆಯ ಈ ಕೊನೆಯ ಮಾತನ್ನು ನೇಪರ್‌ವಿಲ್ ಪಕ್ಕ ಇಟ್ಟು ನೋಡಿ. ಝೀರೋ ಅವರ್‌ಗೆ ಬಂದವರೂ ಓದಿನಲ್ಲಿ ಹಿಂದಿದ್ದ ಮಕ್ಕಳೇ. ಗಮನ ಕೂರದೆ ಒದ್ದಾಡುವ ಮಗುವಿಗೆ ಓಟದಿಂದ ಸಿಗುವ ಲಾಭ, ಆಗಲೇ ಚೆನ್ನಾಗಿ ಓದುವ ಮಗುವಿಗೆ ಸಿಗುವುದಕ್ಕಿಂತ ಜಾಸ್ತಿ ಇರಬಹುದು. ವಿಪರ್ಯಾಸ ಏನೆಂದರೆ, ಅಂಕ ಕಡಿಮೆಯಾದ ಕೂಡಲೇ ಆಟದ ಪೀರಿಯಡ್ ಕಳೆದುಕೊಂಡು ಹೆಚ್ಚುವರಿ ಪಾಠಕ್ಕೆ ಕೂರಬೇಕಾಗುವುದು ಈ ಮಕ್ಕಳೇ.

ಬೇರೆ ಶಾಲೆ ಏನನ್ನು ಎತ್ತಿಕೊಳ್ಳಬಹುದು

ಹತ್ತುವ ಗೋಡೆ, ಸೈಕಲ್ ಯಂತ್ರ ಬೇಕಾಗಿಲ್ಲ. ಎದೆಪಟ್ಟಿಯೂ ಕಡ್ಡಾಯವಲ್ಲ. ಓಡಿ ನಿಂತ ಕೂಡಲೇ ಕುತ್ತಿಗೆಯ ಪಕ್ಕ ಎರಡು ಬೆರಳು ಮೆಲ್ಲಗೆ ಇಟ್ಟು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದನ್ನು ಹತ್ತು ವರ್ಷದ ಮಗುವೂ ಕಲಿಯುತ್ತದೆ. ನಿಖರತೆ ಯಂತ್ರದಷ್ಟು ಇರುವುದಿಲ್ಲ, ಆದರೆ ಯಾರು ದುಡಿದರು ಅನ್ನುವುದು ತಿಳಿಯುತ್ತದೆ. ಹೃದಯದ ತೊಂದರೆ, ಆಸ್ತಮಾ ಇರುವ ಮಕ್ಕಳ ಮಿತಿಯನ್ನು ವೈದ್ಯರೇ ಹೇಳಬೇಕು, ಅವರಿಗೆ ಶೇ. 80–90ರ ಲೆಕ್ಕ ಹಚ್ಚಬಾರದು.

ಕಷ್ಟ ಇರುವುದು ವೇಳಾಪಟ್ಟಿಯಲ್ಲಿ. ಎಲ್ಲರಿಗೂ ಬೆಳಿಗ್ಗೆ ಮೊದಲ ಪೀರಿಯಡ್‌ನಲ್ಲೇ ಪಿ.ಟಿ. ಕೊಡಲು ಯಾವ ಶಾಲೆಯಲ್ಲೂ ಅಷ್ಟು ಮೈದಾನ ಇಲ್ಲ, ಅಷ್ಟು ಮೇಷ್ಟ್ರೂ ಇಲ್ಲ. ಹದಿಹರೆಯದ ಮಕ್ಕಳನ್ನು ಏಳು ಗಂಟೆಗೆ ಕರೆಸಿದರೆ ಅವರ ನಿದ್ದೆ ಕಳೆಯುತ್ತದೆ. ನಿದ್ದೆ ಕೆಟ್ಟರೆ ನೆನಪೂ ಕೆಡುತ್ತದೆ, ಓಟದ ಲಾಭ ಅಲ್ಲೇ ಸೋರಿಹೋಗುತ್ತದೆ. ಝೀರೋ ಅವರ್‌ನ ಈ ಬೆಲೆಯನ್ನು ಯಾರೂ ಸರಿಯಾಗಿ ಲೆಕ್ಕ ಹಾಕಿದಂತೆ ಕಾಣುವುದಿಲ್ಲ. ನೇಪರ್‌ವಿಲ್ ಸೆಂಟ್ರಲ್ ಆಮೇಲೆ ಈ ಪ್ರಯೋಗವನ್ನು ಮಾಮೂಲಿ ಪಠ್ಯಕ್ರಮದೊಳಗೇ ತಂದುಕೊಂಡಿತು. ಅಲ್ಲಿನ ಸಲಹೆಗಾರರು ಉಳಿದ ಮಕ್ಕಳ ವೇಳಾಪಟ್ಟಿಯಲ್ಲೂ ಒಂದು ಬದಲಾವಣೆ ಸೂಚಿಸತೊಡಗಿದರು: ಪಿ.ಟಿ. ಯಾವ ಹೊತ್ತಿಗಾದರೂ ಇರಲಿ, ಆ ಮಗುವಿಗೆ ಅತಿ ಕಷ್ಟದ ವಿಷಯ ಅದರ ಮುಂದಿನ ಪೀರಿಯಡ್‌ಗೆ ಬರಲಿ.